ಹಳೆ ಮನೆ ಕೆಲಸಕ್ಕೆ ಹೆಡ್ ಬಡಿಗೇರ ಬೇಕೇ ಬೇಕಾ?

ಪ್ರಶ್ನೆ:

ನಮಸ್ಕಾರ ರೀ. ಕಲಬುರಗಿ ಬ್ರಹ್ಮಪುರದಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆ ಇದೆ. ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ, ಸಾಗವಾನಿ ಬಾಗಿಲುಗಳು. ಈಗ ಅಡುಗೆಮನೆ ದೊಡ್ಡದು ಮಾಡಬೇಕು, ಎರಡು ಕೋಣೆಗೆ ವಾರ್ಡ್‌ರೋಬ್ ಬೇಕು, ನೆಲಕ್ಕೆಲ್ಲ ಟೈಲ್ಸ್ ಹಾಕಿಸಬೇಕು. ಗೌಂಡಿ, ಕರೆಂಟಿನವರು, ಪ್ಲಂಬರ್, ಬಡಿಗೇರ, ಎಲ್ಲರನ್ನೂ ಬೇರೆ ಬೇರೆ ಮಾತಾಡಿ ಇಟ್ಟಿದ್ದೇವೆ. ನಾನು ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆ. ಯಜಮಾನರದು ಸೇಡಂನಲ್ಲಿ ನೌಕರಿ. ನಮ್ಮ ಬಡಿಗೇರರು, "ನಾನು ದಿನಾ ಇಲ್ಲೇ ಇದ್ದು ಎಲ್ಲರ ಕೆಲಸ ನೋಡಿಕೋತೀನಿ, ಅದಕ್ಕೆ ಹೆಚ್ಚಿಗೆ ಕೂಲಿ ಕೊಡ್ರಿ" ಅಂತಾರೆ. ಪ್ಲಂಬರ್ ಕೆಲಸಕ್ಕೂ ಬಡಿಗೇರರಿಗೂ ಏನು ಸಂಬಂಧ? ಇದು ಸುಮ್ನೆ ಖರ್ಚಾ?

ಉತ್ತರ (24 ವರ್ಷದಿಂದ ಬಡಿಗೇರ ಕೆಲಸ, ಕಲಬುರಗಿ):

ಅಕ್ಕಾವ್ರೇ, ಅವರು ಕೇಳಿದ್ದು ಸರಿ ಇದೆ. ಹೀಗೆ ಎಲ್ಲರ ಕೆಲಸ ನೋಡಿಕೊಳ್ಳುವವರನ್ನೇ ನಾವು ಹೆಡ್ ಅಂತೀವಿ. ನೀವಿಬ್ಬರೂ ಮನೆಯಲ್ಲಿ ಇರುವುದಿಲ್ಲ ಅಂದಮೇಲಂತೂ ಬೇಕೇ ಬೇಕು.

ಬಡಿಗೇರರೇ ಯಾಕೆ ಅಂದರೆ, ನಮ್ಮ ಕೆಲಸ ಎಲ್ಲರ ಕೆಲಸಕ್ಕೂ ತಾಗುತ್ತದೆ. ಚೌಕಟ್ಟು ನಿಲ್ಲಿಸುವುದು ಪ್ಲಾಸ್ಟರ್‌ಗಿಂತ ಮೊದಲು. ಕದ ಕೂಡಿಸುವುದು ನೆಲ ಆದ ಮೇಲೆ. ಹಿಡಿಕೆ ಹಾಕುವ ಹೊತ್ತಿಗೆ ಪೇಂಟಿನವರೂ ಹೊರಟಿರುತ್ತಾರೆ. ಗೋಡೆ ಎರಡು ಸೂತು, ಅಂದರೆ ಕಾಲು ಇಂಚು ಓರೆ ಇದ್ದರೆ ಗೌಂಡಿಗೆ ಅದು ಕಾಣುವುದಿಲ್ಲ, ಪ್ಲಾಸ್ಟರ್‌ನಲ್ಲಿ ಮುಚ್ಚಿಹೋಗುತ್ತದೆ. ಅದೇ ಗೋಡೆಗೆ ವಾರ್ಡ್‌ರೋಬ್ ತಂದು ನಿಲ್ಲಿಸಿದಾಗ ಸಂದು ಬಾಯಿ ಬಿಡುತ್ತದೆ. ಹಾಗಾಗಿ ಮುಂದೆ ಏನು ತೊಂದರೆ ಬರಬಹುದು ಅಂತ ಮೊದಲೇ ನೋಡುವ ರೂಢಿ ನಮಗೆ ಇರುತ್ತದೆ.

ಒಂದು ಮನೆಯಲ್ಲಿ ಆಗಿದ್ದು ಹೇಳ್ತೀನಿ. ಜೇವರ್ಗಿ ರಸ್ತೆ ಕಡೆ, ನನ್ನನ್ನು ಬರೀ ವಾರ್ಡ್‌ರೋಬ್‌ಗೆ ಕರೆದಿದ್ದರು. ಹೋಗುವಷ್ಟರಲ್ಲಿ ಹಳೆ ಫರ್ಸಿ ಮೇಲೆಯೇ ಸಿಮೆಂಟ್ ಮಾಲು ಹಾಕಿ ಟೈಲ್ಸ್ ಕೂಡಿಸಿಬಿಟ್ಟಿದ್ದರು. ನೆಲ ಎರಡು ಇಂಚು ಮೇಲೆ ಬಂದಿತ್ತು. ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಹಳೆ ಕಾಲದ ಸಾಗವಾನಿ ಕದ ಐದು ಇದ್ದವು, ಐದನ್ನೂ ಕೆಳಗಿನಿಂದ ಎರಡೆರಡು ಇಂಚು ಕೊಯ್ದೆ. ಕೆಳಗಿನ ಅಡ್ಡಪಟ್ಟಿ ಆರು ಇಂಚಿನದು ನಾಲ್ಕಕ್ಕೆ ಇಳಿಯಿತು. ಕದ ಜೋತು ಬೀಳದಂತೆ ಹಿಡಿಯುವುದರಲ್ಲಿ ಆ ಪಟ್ಟಿಯ ಜೋಡಣೆಯೂ ಮುಖ್ಯ. ಗರಗಸ ಹಿಡಿದಾಗ ನಿಜವಾಗಿ ಸಂಕಟ ಆಯಿತು, ಅಂಥ ಕಟ್ಟಿಗೆ ಈಗ ಎಲ್ಲಿ ಸಿಗುತ್ತದೆ? ಗೌಂಡಿ ತನ್ನ ಕೆಲಸ ಚೆನ್ನಾಗಿಯೇ ಮಾಡಿದ್ದ. ಬಾಗಿಲಿನ ವಿಚಾರ ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಅದೇ ಫರ್ಸಿ ಇದೆ. ಬಡಿದು ನೋಡಿದಾಗ ಕಲ್ಲು ಟೊಳ್ಳು ಸದ್ದು ಮಾಡದಿದ್ದರೆ, ಮೇಲ್ಮೈ ಒರಟು ಮಾಡಿ ಟೈಲ್ ಅಂಟಿನಿಂದ ಕೂಡಿಸಬಹುದು. ಆಗ ಟೈಲು, ಅಂಟು ಸೇರಿ ಸುಮಾರು 15 ಮಿಲಿಮೀಟರ್, ಅಂದರೆ ಐದು ಸೂತು ಮಾತ್ರ ಏರುತ್ತದೆ. ಕದಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ನನ್ನನ್ನು ಕೇಳಿದರೆ ಫರ್ಸಿಗೇ ಪಾಲಿಶ್ ಹೊಡೆಸಿ ಅಂತೀನಿ. ನಮ್ಮ ಬಿಸಿಲಿಗೆ ಅದರಷ್ಟು ತಣ್ಣಗಿನ ನೆಲ ಇಲ್ಲ. ಆದರೆ ಮನೆ ನಿಮ್ಮದು.

ಹೆಡ್ ಆದವರು ಮೊದಲ ದಿನ ಮಾಡಬೇಕಾದ್ದು ಲೆವೆಲ್ ಗೆರೆ. ಉದ್ದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಗುಳ್ಳೆ ಹೊರಗೆ ಬಿಟ್ಟು, ಒಂದು ತುದಿ ಒಬ್ಬರು, ಇನ್ನೊಂದು ತುದಿ ಒಬ್ಬರು ಹಿಡಿಯಬೇಕು. ನೀರು ಅಲುಗಾಡುವುದು ನಿಂತ ಮೇಲೆ ಎರಡೂ ಕಡೆ ಗುರುತು. ಹೀಗೆ ಎಲ್ಲ ಕೋಣೆಯಲ್ಲೂ ಗುರುತು ಹಾಕಿ, ದಾರಕ್ಕೆ ಬಣ್ಣದ ಪುಡಿ ಹಚ್ಚಿ ಬಡಿದರೆ ಇಡೀ ಮನೆಗೆ ಒಂದೇ ಗೆರೆ ಬೀಳುತ್ತದೆ. ಆಮೇಲೆ ಯಾರೂ ನೆಲದಿಂದ ಅಳೆಯುವಂತಿಲ್ಲ. ಸಿಂಕಿನ ಪೈಪು, ಸ್ವಿಚ್ ಬೋರ್ಡು, ಅಡುಗೆ ಕಟ್ಟೆ, ಎಲ್ಲದರ ಅಳತೆ ಆ ಗೆರೆಯಿಂದಲೇ. ನೆಲ ಇನ್ನೂ ಆಗಿರುವುದಿಲ್ಲ, ಅದು ಎಷ್ಟು ಏರುತ್ತದೆ ಅಂತ ಪ್ಲಂಬರ್‌ಗೆ ಹೇಗೆ ಗೊತ್ತಾಗಬೇಕು? ಗೆರೆ ಇದ್ದರೆ ಆ ಚಿಂತೆಯೇ ಇಲ್ಲ.

ಉಳಿದದ್ದು ದಿನದಿನದ ಕೆಲಸ. ನಾಳೆ ಯಾರು ಬರಬೇಕು, ಇವತ್ತು ಎಷ್ಟಾಯಿತು, ಪ್ಲೈವುಡ್ ಎಷ್ಟು ಹಾಳೆ ಬಂತು ಅಂತ ನೋಡುವುದು. ಸಂಜೆ ನಿಮಗೆ ಫೋಟೋ ಕಳಿಸಬೇಕು. ಅಡುಗೆಮನೆಗೆ ಅಂತ ನೀರು ತಡೆಯುವ 710 ನಂಬರಿನ ಪ್ಲೈ ಹೇಳಿದ್ದರೆ, ಬಂದ ಹಾಳೆಯ ಮೇಲೆ ಐಎಸ್ 710 ಅನ್ನುವ ಗುಣಮಟ್ಟದ ಮುದ್ರೆ ಓದಿಯೇ ಇಳಿಸಿಕೊಳ್ಳಬೇಕು. ಮನೆಯವರು ಇಲ್ಲದಾಗ ಇದನ್ನೆಲ್ಲ ನೋಡುವವರು ಯಾರು, ಹೇಳಿ?

ಗುಂಪಿನ ಇನ್ನೊಬ್ಬರು, ಶಹಾಬಾದ್‌ನಿಂದ:

ಅಣ್ಣಾ, ಹಾಗಾದರೆ ಅಡುಗೆಮನೆಯ ಗೋಡೆ ಒಡೆಯುವುದನ್ನೂ ಅವರೇ ತೀರ್ಮಾನ ಮಾಡ್ತಾರಾ?

ಉತ್ತರ:

ಇಲ್ಲಣ್ಣ, ಅದು ನಮ್ಮ ಕೈಯಲ್ಲಿಲ್ಲ. ಕಲ್ಲಿನ ಗೋಡೆ ಮನೆಯಲ್ಲಿ ಛಾವಣಿಯ ಭಾರ ಗೋಡೆ ಮೇಲೆಯೇ ಇರುತ್ತದೆ. ಒಡೆಯುವ ಮೊದಲು ಸಿವಿಲ್ ಎಂಜಿನಿಯರ್ ಬಂದು ನೋಡಲೇಬೇಕು. ಎಷ್ಟಗಲ ತೆಗೆಯಬಹುದು, ಮೇಲೆ ಎಂಥ ಬೀಮ್ ಬೇಕು ಅಂತ ಅವರು ಬರೆದು ಕೊಡಲಿ. ಆಸರೆ ಕಂಬ ಅವರು ಹೇಳಿದ ಜಾಗದಲ್ಲೇ ನಿಂತಿದೆಯಾ, ಹೇಳಿದಷ್ಟು ದಿನ ನಿಂತಿದೆಯಾ ಅಂತ ನೋಡಿಕೊಳ್ಳುವುದು ಹೆಡ್ ಕೆಲಸ. "ನಾನೇ ನೋಡಿಕೋತೀನಿ, ಎಂಜಿನಿಯರ್ ಯಾಕೆ" ಅನ್ನುವ ಬಡಿಗೇರರನ್ನು ದಯವಿಟ್ಟು ಇಟ್ಟುಕೊಳ್ಳಬೇಡಿ.

ಇನ್ನೊಬ್ಬರು, ಆಳಂದದಿಂದ:

ನಮ್ಮ ಮನೆಯ ಎರಡು ಬಾಗಿಲು ಮಳೆಗಾಲ ಬಂತೆಂದರೆ ಬಿಗಿ. ಪ್ರತಿ ವರ್ಷ ರಂದಾ ಹೊಡೆಸುತ್ತೇವೆ, ಬೇಸಿಗೆಯಲ್ಲಿ ಸಂದು ಬೀಳುತ್ತದೆ.

ಉತ್ತರ:

ಮೊದಲು ರಂದಾ ನಿಲ್ಲಿಸಿ. ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕಡೆ ದಾರ ಹಿಡಿದು ಅಳೆಯಿರಿ. ಎರಡೂ ಒಂದೇ ಬಂದರೆ ಕಟ್ಟಿಗೆ ತೇವ ಕುಡಿದು ಉಬ್ಬುತ್ತಿದೆ. ಕದದ ಮೇಲಿನ, ಕೆಳಗಿನ ಅಂಚಿಗೆ ಪಾಲಿಶ್ ಮುಟ್ಟಿದೆಯಾ ನೋಡಿ, ಬಹಳ ಕಡೆ ಅಲ್ಲಿ ಹಚ್ಚಿರುವುದೇ ಇಲ್ಲ. ಅಳತೆ ಬೇರೆ ಬೇರೆ ಬಂದರೆ ಚೌಕಟ್ಟೇ ವಾಲಿದೆ. ನಮ್ಮ ಕಡೆ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಗೋಡೆಯೂ ಅಲುಗುತ್ತದೆ. ಆಗ ಬಾಗಿಲು ಕೆತ್ತಿ ಏನೂ ಉಪಯೋಗ ಇಲ್ಲ, ತಳಪಾಯ ತೋರಿಸಿ.

ಪ್ರಶ್ನೆ ಕೇಳಿದವರು:

ಬಹಳ ತಿಳಿಸಿ ಹೇಳಿದ್ರಿ ಅಣ್ಣಾ. ಕೂಲಿ ಹೇಗೆ ಮಾತಾಡಬೇಕು? ಅವರು ಎಲ್ಲ ಸೇರಿಸಿ ಚದರಡಿ ಲೆಕ್ಕ ಹೇಳಿದ್ದಾರೆ.

ಉತ್ತರ:

ವಾರ್ಡ್‌ರೋಬ್, ಕಿಚನ್ ಬಾಕ್ಸ್‌ಗೆ ಚದರಡಿ ಲೆಕ್ಕ ಇರಲಿ. ಮೇಲುಸ್ತುವಾರಿಗೆ ಮಾತ್ರ ದಿನದ ಲೆಕ್ಕ ಮಾಡಿ. ಎಲ್ಲ ಚದರಡಿಗೇ ಸೇರಿಸಿದರೆ, ಪ್ಲಂಬರ್ ಹತ್ತಿರ ಅರ್ಧ ಗಂಟೆ ನಿಂತರೆ ಅವರಿಗೆ ಅರ್ಧ ಗಂಟೆ ನಷ್ಟ. ಎಂಥ ಒಳ್ಳೆಯ ಮನುಷ್ಯನಾದರೂ ಆಮೇಲೆ ತನ್ನ ಪ್ಲೈ ಕೊಯ್ಯುವುದರಲ್ಲೇ ಇರುತ್ತಾನೆ. ಸಾಮಾನಿನ ಬಿಲ್ಲು ನಿಮ್ಮ ಹೆಸರಿಗೆ ಬರಲಿ, ದುಡ್ಡು ನೀವೇ ಅಂಗಡಿಗೆ ಹಾಕಿ. ಒಂದು ನೋಟ್‌ಬುಕ್ ಮನೆಯಲ್ಲೇ ಇಡಿ. ನಡುವೆ "ಇಲ್ಲೊಂದು ಶೆಲ್ಫ್ ಇರಲಿ" ಅಂತ ನೀವು ಹೇಳಿದರೆ, ಅದಕ್ಕೆ ಎಷ್ಟು ಹಣ, ಎಷ್ಟು ದಿನ ಅಂತ ಅದರಲ್ಲಿ ಬರೆದು ಇಬ್ಬರೂ ಸಹಿ ಮಾಡಿದ ಮೇಲೆಯೇ ಕೆಲಸ. ಇನ್ನೊಂದು ಮಾತು, ಉಳಿದವರಿಗೆಲ್ಲ ಅವರ ಎದುರಿಗೇ ಹೇಳಿಬಿಡಿ: "ನಾವು ಇಲ್ಲದಾಗ ಇವರ ಮಾತು ಕೇಳ್ರಿ." ಅದು ಹೇಳದಿದ್ದರೆ ಗೌಂಡಿ ಬಡಿಗೇರರ ಮಾತು ಯಾಕೆ ಕೇಳಬೇಕು?

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ:

ಅಣ್ಣಾ, ಅವರನ್ನೇ ಹೆಡ್ ಮಾಡಿದೆವು. ಇವತ್ತು ಗೆರೆ ಬಿತ್ತು. ದೇವರ ಮನೆಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ನೆಲ ಒಂದೂಕಾಲು ಇಂಚು ಇಳಿದಿದೆ. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದೇವೆ, ಒಬ್ಬರಿಗೂ ಗೊತ್ತಿರಲಿಲ್ಲ. ಟೈಲ್ಸ್ ನಾಳೆ ಬರ್ತಾವೆ.

ಉತ್ತರ:

ಟೈಲ್ಸ್ ಬರಲಿ, ಆದರೆ ಕೂಡಿಸಬೇಡಿ. ನೆಲ ಎತ್ತರ ಇರುವುದು ದೇವರ ಮನೆಯಲ್ಲಿ, ಅಂದರೆ ಲೆಕ್ಕ ಅಲ್ಲಿಂದ ಶುರು. ಅಲ್ಲಿ ಐದು ಸೂತಿಗಿಂತ ಜಾಸ್ತಿ ಏರಬಾರದು, ತಗ್ಗಿನ ಕಡೆ ಮೊದಲು ತುಂಬಿಸಿಕೊಂಡು ಬರಲಿ. ಹಾಗೆ ತುಂಬಿದರೆ ಅಡುಗೆಮನೆಯ ಕದಕ್ಕೆ ಎಷ್ಟು ಕುತ್ತು ಬರುತ್ತದೆ ಅಂತ ನಿಮ್ಮ ಬಡಿಗೇರರಿಂದ ಇವತ್ತೇ ಅಳೆಸಿ. ತಲೆಬಾಗಿಲಿನ ಹೊಸ್ತಿಲು ಹೊಸ ನೆಲದಲ್ಲಿ ಮುಳುಗುತ್ತದಾ ಅನ್ನುವುದನ್ನೂ ಈಗಲೇ ನೋಡಬೇಕು. ಗೆರೆ ಕಾಣುವ ಹಾಗೆ ಒಂದು ಫೋಟೋ ಹಾಕಿ ಅಕ್ಕಾವ್ರೇ, ನಾನೂ ನೋಡ್ತೀನಿ.