ಕಂಟ್ರೋಲ್ ಚಾರ್ಟ್ ಹಾಕಿದರೂ ರಿಜೆಕ್ಷನ್ ಇಳಿಯುತ್ತಿಲ್ಲ, ಎಲ್ಲಿ ತಪ್ಪಿದೆವು?

ಸಿಎನ್‌ಸಿ ಲೇತ್‌ಗಳಲ್ಲಿ ಶಾಫ್ಟ್ ಮಾಡುತ್ತೇವೆ. ಹೊರವ್ಯಾಸ 25 ಮಿ.ಮೀ., ಟಾಲರೆನ್ಸ್ (ಒಪ್ಪುವ ಹೆಚ್ಚುಕಡಿಮೆ) ±0.05. ಮೂರು ತಿಂಗಳಿಂದ ಗಂಟೆಗೆ ಐದು ಪೀಸ್ ಅಳೆದು ಎಕ್ಸ್‌ಬಾರ್-ಆರ್ ಚಾರ್ಟ್ (ಐದರ ಸರಾಸರಿಯನ್ನೂ ರೇಂಜನ್ನೂ, ಅಂದರೆ ಅತಿ ದೊಡ್ಡ ಮತ್ತು ಅತಿ ಸಣ್ಣ ಅಳತೆಯ ವ್ಯತ್ಯಾಸವನ್ನೂ, ಚುಕ್ಕೆಯಾಗಿ ಹಾಕುವ ಕಂಟ್ರೋಲ್ ಚಾರ್ಟ್) ತುಂಬುತ್ತಿದ್ದೇವೆ. ಚುಕ್ಕೆಗಳೆಲ್ಲ ಗೆರೆಯೊಳಗೇ ಇವೆ, ಆದರೂ ಕೊನೆಯ ತಪಾಸಣೆಯಲ್ಲಿ ಪೀಸ್‌ಗಳು ರಿಜೆಕ್ಟ್ ಆಗುತ್ತಲೇ ಇವೆ. ಆಪರೇಟರ್‌ಗಳಿಗೆ ಇದು ಆಡಿಟ್‌ಗೆ ತೋರಿಸುವ ಕಾಗದ ಅಷ್ಟೇ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ಸರ್, ಮೊದಲು ಆ ಗೆರೆ ಎಲ್ಲಿಂದ ಬಂತು ನೋಡಿ. ನಾವೂ ಒಂದು ಕಾಲದಲ್ಲಿ ಡ್ರಾಯಿಂಗಿನ ಟಾಲರೆನ್ಸನ್ನೇ ಚಾರ್ಟಿನ ಮೇಲೆ ಕೆಂಪು ಗೆರೆ ಎಳೆದು ಕೂತಿದ್ದೆವು. ಐದರ ಸರಾಸರಿ ಬಿಡಿ ಪೀಸಿನಷ್ಟು ಚದುರುವುದಿಲ್ಲ, ಅದರ ಚದುರು ಸುಮಾರು 2.24 ಪಟ್ಟು ಕಡಿಮೆ. ಹಾಗಾಗಿ ಸರಾಸರಿ ಒಳಗೆ ಹಾಯಾಗಿರುತ್ತದೆ, ಪೀಸ್ ಹೊರಗೆ ಹೋಗಿರುತ್ತದೆ. ಗೆರೆ ಮಷೀನಿನ ಅಳತೆಗಳಿಂದಲೇ ಬರಬೇಕು: ರೇಂಜ್‌ಗಳ ಸರಾಸರಿಯನ್ನು 0.577ರಿಂದ (ಐದರ ಗುಂಪಿಗೆ ಇರುವ ಸ್ಥಿರಾಂಕ) ಗುಣಿಸಿ, ಒಟ್ಟು ಸರಾಸರಿಯಿಂದ ಅಷ್ಟು ಮೇಲೆ, ಅಷ್ಟು ಕೆಳಗೆ. ರೇಂಜ್ ಸರಾಸರಿ 0.03 ಇದ್ದರೆ ಗೆರೆ ±0.017ರ ಹತ್ತಿರ ಬೀಳುತ್ತದೆ. ±0.05 ಎಲ್ಲಿ, ಇದೆಲ್ಲಿ! 1924ರಲ್ಲಿ ವಾಲ್ಟರ್ ಶೂಹಾರ್ಟ್ ಈ ಚಾರ್ಟ್ ಮಾಡಿದ್ದೇ ಪ್ರಕ್ರಿಯೆಯ ಸಹಜ ಏರಿಳಿತ ಯಾವುದು, ಹುಡುಕಿ ತೆಗೆಯಬೇಕಾದ ಕಾರಣ ಯಾವುದು ಎಂದು ಬೇರ್ಪಡಿಸಲು. ಡ್ರಾಯಿಂಗಿಗೂ ಇದಕ್ಕೂ ಸಂಬಂಧವಿಲ್ಲ.

ಉತ್ತರ 2
ನನ್ನ ಅನುಮಾನ ಆಫ್‌ಸೆಟ್ ಮೇಲೆ, ಅಂದರೆ ಟೂಲ್ ಎಷ್ಟು ಒಳಗೆ ಹೋಗಬೇಕೆಂದು ಮಷೀನಿಗೆ ಕೊಡುವ ತಿದ್ದುಪಡಿಯ ಮೇಲೆ. ನಮ್ಮಲ್ಲಿ ಬಹಳ ಮುತುವರ್ಜಿಯ ಆಪರೇಟರ್ ಒಬ್ಬರಿದ್ದರು. ಪೀಸ್ 8 ಮೈಕ್ರಾನ್ (0.008 ಮಿ.ಮೀ.) ದಪ್ಪ ಬಂತೋ, 8 ಇಳಿಸುವುದು. ಮುಂದಿನದು 6 ಸಣ್ಣ ಬಂತೋ, 6 ಏರಿಸುವುದು. ಸ್ಥಿರವಾಗಿ ಓಡುತ್ತಿರುವ ಮಷೀನನ್ನು ಹೀಗೆ ಪ್ರತಿ ಪೀಸಿಗೂ ತಿದ್ದಿದರೆ ವೇರಿಯನ್ಸ್ (ಚದುರನ್ನು ಅಳೆಯುವ ಅಂಕಿ) ಎರಡರಷ್ಟಾಗುತ್ತದೆ. ಗುಣಮಟ್ಟದ ತಜ್ಞ ಡೆಮಿಂಗ್ ಲಾಳಿಕೆಯಿಂದ ಗೋಲಿ ಬಿಡಿಸಿ ತೋರಿಸುತ್ತಿದ್ದುದೂ ಇದನ್ನೇ. ಅವರಿಗೆ ಪಾಠ ಹೇಳಲು ಹೋಗಲಿಲ್ಲ. ಆಫ್‌ಸೆಟ್ ಮುಟ್ಟದೆ 50 ಪೀಸ್ ಓಡಿಸಿ, ಚುಕ್ಕೆಗಳನ್ನು ಅವರ ಕೈಯಲ್ಲೇ ಹಾಕಿಸಿದೆ. ರೇಂಜ್ ಕಣ್ಣಿಗೆ ಕಾಣುವಷ್ಟು ಕುಗ್ಗಿತು. ಸರಾಸರಿ ಮಾತ್ರ ಮೆಲ್ಲಗೆ ಮೇಲೇರುತ್ತಿತ್ತು. "ಇನ್ಸರ್ಟ್ ಸವೀತಿದೆ ಅಲ್ವಾ ಸರ್" ಎಂದು ಅವರೇ ಅಂದರು (ಇನ್ಸರ್ಟ್ ಎಂದರೆ ಟೂಲಿನ ಕತ್ತರಿಸುವ ತುದಿ). ತಿದ್ದಬೇಕಾದ್ದು ಅದನ್ನು. ಈಗ ಚುಕ್ಕೆ ಗೆರೆ ದಾಟಿದರೆ, ಇಲ್ಲವೇ ಸತತ ಎಂಟು ಚುಕ್ಕೆ ನಡುಗೆರೆಯ ಒಂದೇ ಕಡೆ ಬಿದ್ದರೆ ಮಾತ್ರ ಆಫ್‌ಸೆಟ್ ಮುಟ್ಟುತ್ತಾರೆ.

ಉತ್ತರ 3
ಎರಡು ಲೇತ್‌ಗಳ ಪೀಸ್ ಸೇರಿಸಿ ಆ ಐದನ್ನು ಆರಿಸುತ್ತಿಲ್ಲ ತಾನೇ? ನಮ್ಮ ಮೋಲ್ಡಿಂಗ್‌ನಲ್ಲಿ ಅಚ್ಚಿನ ನಾಲ್ಕು ಕ್ಯಾವಿಟಿಯಿಂದ (ಗುಳಿಯಿಂದ) ಒಂದೊಂದು ತೆಗೆಯುತ್ತಿದ್ದೆವು. ಕ್ಯಾವಿಟಿಗಳ ನಡುವಿನ ವ್ಯತ್ಯಾಸವೇ ರೇಂಜ್ ಹಿಗ್ಗಿಸಿ ಗೆರೆ ಅಗಲವಾಯಿತು, ಚುಕ್ಕೆಗಳೆಲ್ಲ ನಡುಗೆರೆಗೆ ಅಂಟಿಕೊಂಡವು. ನೋಡಿ ಖುಷಿಪಟ್ಟಿದ್ದೇ ಪಟ್ಟಿದ್ದು. ಬೇರೆ ಬೇರೆ ಚಾರ್ಟ್ ಹಾಕಿದ ಮೇಲೆ ಗೊತ್ತಾಯಿತು, ಮೂರನೆಯ ಕ್ಯಾವಿಟಿ ಯಾವಾಗಲೂ ಸಣ್ಣ.

ಉತ್ತರ 4
ಅಳತೆಯನ್ನೂ ನಂಬಬೇಡಿ. ಅದೇ ಹತ್ತು ಪೀಸನ್ನು ಮೂವರಿಂದ ಎರಡೆರಡು ಸಲ ಅಳೆಸಿ. ಗೇಜ್ ಆರ್ ಅಂಡ್ ಆರ್ (ಅಳತೆಯಿಂದಲೇ ಬರುವ ವ್ಯತ್ಯಾಸದ ಪ್ರಮಾಣ) ಶೇ. 30 ದಾಟಿದರೆ ಚಾರ್ಟ್ ಬದಿಗಿಡಿ. ಇನ್ನೊಂದು, ಸ್ವಲ್ಪ ಮುಜುಗರದ ವಿಷಯ: ಇಡೀ ಶಿಫ್ಟಿನ ಚುಕ್ಕೆಗಳು ಒಂದೇ ಶಾಯಿ, ಒಂದೇ ಬರಹದ ಓಟದಲ್ಲಿವೆಯಾ? ನಮ್ಮಲ್ಲಿ ಶಿಫ್ಟ್ ಮುಗಿಯುವಾಗ ಒಟ್ಟಿಗೆ ತುಂಬುತ್ತಿದ್ದರು. ರೀಡಿಂಗ್‌ಗಳ ಕೊನೆಯ ಅಂಕಿ ಬರೀ ಸೊನ್ನೆ, ಇಲ್ಲಾ ಐದು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಹೋಗಿ ನೋಡಿದೆ. ಗೆರೆ ಡ್ರಾಯಿಂಗಿನದೇ. ಶಾಯಿಯ ವಿಷಯ ಕೇಳಬೇಡಿ. ನಾಳೆ ಆಫ್‌ಸೆಟ್ ಮುಟ್ಟದೆ 50 ಪೀಸ್ ಓಡಿಸುತ್ತೇವೆ. ಒಂದು ಸಂದೇಹ: ಚುಕ್ಕೆ ಹೊರಬಿದ್ದರೆ ಮಷೀನ್ ನಿಲ್ಲಿಸುವವರು ಯಾರು? ಈಗ ಸೂಪರ್‌ವೈಸರನ್ನು ಕೇಳಬೇಕು.

ಉತ್ತರ 2
ಆಪರೇಟರೇ ನಿಲ್ಲಿಸಲಿ. ಕಾರಣವನ್ನು ಆ ಚುಕ್ಕೆಯ ಪಕ್ಕದಲ್ಲೇ ಬರೆಯಲಿ. ನಮ್ಮಲ್ಲಿ ಶಾಯಿ ಬದಲಾಗಲು ಶುರುವಾಗಿದ್ದು ಆಮೇಲೆ.