ಗಾಳದ ಕೋಲಿನ ದಾರದ ಬಣ್ಣ ಎಪಾಕ್ಸಿ ಹಚ್ಚಿದ ಮೇಲೂ ಉಳಿಯಬೇಕಾದರೆ: ಅನುಭವ ಹಂಚಿಕೆ

ಪ್ರಶ್ನೆ, ಬಸವನಗುಡಿಯಿಂದ

ನಮ್ಮ ತಂದೆಯವರಿಗಾಗಿ 7 ಅಡಿಯ ಕಪ್ಪು ಕಾರ್ಬನ್ ಬ್ಲ್ಯಾಂಕ್ (ಇನ್ನೂ ಏನೂ ಜೋಡಿಸದ ಬರಿಯ ಕೋಲು) ತರಿಸಿ, ಕೈಯಾರೆ ಒಂದು ಗಾಳದ ಕೋಲನ್ನು ಕಟ್ಟುತ್ತಿದ್ದೇನೆ. ಇದು ನನ್ನ ಮೊದಲ ಕೋಲು. ಗೈಡುಗಳನ್ನು, ಅಂದರೆ ಗಾಳದ ನೂಲು ಹಾಯುವ ಉಂಗುರಗಳನ್ನು, ಕೋಲಿಗೆ ಬಿಗಿಯುವ ಸುತ್ತಿಗೆ ಹಳದಿ ನೈಲಾನ್ ದಾರ, ಅಂಚಿನ ಪಟ್ಟಿಗೆ ಕೆಂಪು ನೈಲಾನ್ ದಾರ ಆರಿಸಿದೆ. ಬಾವುಟದ ಅರಿಶಿನ ಕುಂಕುಮದ ಬಣ್ಣ ಕೋಲಿನ ಮೇಲೂ ಇರಲಿ ಎಂಬುದು ತಂದೆಯವರ ಆಸೆ. ಒಂಬತ್ತು ಗೈಡುಗಳನ್ನೂ ಸುತ್ತಿ ಮುಗಿಸಿ, ದಾರದ ಮೇಲೆ ಗಟ್ಟಿ ಹೊದಿಕೆಯಾಗುವ ಎರಡು ಭಾಗಗಳ ಅಂಟಾದ ಎಪಾಕ್ಸಿಯನ್ನು ಮೊದಲು ಒಂದಕ್ಕೆ ಮಾತ್ರ ಹಚ್ಚಿ ನೋಡಿದೆ. ನೋಡನೋಡುತ್ತಿದ್ದಂತೆ ಹಳದಿಯು ಬಾಡಿದ ಬಾಳೆ ಎಲೆಯ ಬಣ್ಣಕ್ಕೆ ತಿರುಗಿತು, ಕೆಂಪು ಕಪ್ಪಿಟ್ಟಿತು, ಗೈಡಿನ ಪಾದದ (ಕೋಲಿಗೆ ಒರಗಿ ದಾರದಡಿ ಕೂರುವ ಭಾಗದ) ಲೋಹವೂ ದಾರದೊಳಗಿಂದ ಕಾಣತೊಡಗಿತು. ಎಪಾಕ್ಸಿಗೆ ಮೊದಲು ದಾರಕ್ಕೆ ಕಲರ್ ಪ್ರಿಸರ್ವರ್ ಎಂಬ ಬಣ್ಣ ಉಳಿಸುವ ದ್ರವ ಹಚ್ಚಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ, ಅದನ್ನು ಮುಟ್ಟಲೇಬಾರದು ಎಂದು ಇನ್ನು ಕೆಲವರು ಹೇಳುತ್ತಾರೆ. ಸ್ವತಃ ಕಟ್ಟಿದ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ, ಮಲ್ಲೇಶ್ವರದಿಂದ

ಒಂದೇ ಗೈಡಿಗೆ ಹಚ್ಚಿ ನೋಡಿದ್ದು ಒಳ್ಳೆಯದಾಯಿತು. ನಾನು ನನ್ನ ಮೊದಲ ಕೋಲಿನಲ್ಲಿ ಎಲ್ಲ ಗೈಡುಗಳಿಗೂ ಒಂದೇ ರಾತ್ರಿ ಎಪಾಕ್ಸಿ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ನಾನು ಸುತ್ತಿದ್ದ ಬಿಳಿ ದಾರ ಕಣ್ಣಿಗೇ ಬೀಳುತ್ತಿರಲಿಲ್ಲ, ಗೈಡುಗಳು ಕಪ್ಪು ಕೋಲಿಗೆ ತಾವಾಗಿಯೇ ಅಂಟಿಕೊಂಡಂತಿದ್ದವು.

ಹೀಗೇಕಾಗುತ್ತದೆ ಎಂಬುದು ತಿಳಿದರೆ ಪರಿಹಾರ ಆರಿಸುವುದು ಸುಲಭವಾಗುತ್ತದೆ. ಒಣಗಿದ ಬಿಳಿ ಪಂಚೆ ಮೈಯನ್ನು ಪೂರ್ತಿ ಮರೆಮಾಡುತ್ತದೆ. ಅದನ್ನುಟ್ಟು ಹೊಳೆಯಲ್ಲಿ ಮುಳುಗಿ ಎದ್ದರೆ ಮೈಬಣ್ಣ ಕಾಣುತ್ತದೆ. ಪಂಚೆಯ ಬಿಳುಪು ಎಲ್ಲಿಗೂ ಹೋಗಿರುವುದಿಲ್ಲ, ನೂಲಿನ ಎಳೆಗಳ ನಡುವೆ ಗಾಳಿಯಿದ್ದ ಜಾಗದಲ್ಲಿ ನೀರು ಬಂದು ಕೂತಿರುತ್ತದೆ. ನೈಲಾನಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.53, ಗಾಳಿಯದು 1. ಈ ಅಂತರದಿಂದಾಗಿ ಬೆಳಕು ಒಂದೊಂದು ಎಳೆಯ ಮೈಯಲ್ಲೂ ಚದುರಿ ನಮ್ಮ ಕಣ್ಣಿಗೆ ಮರಳುತ್ತದೆ, ದಾರದ ಬಣ್ಣವೇ ಕಾಣುತ್ತದೆ. ಎಪಾಕ್ಸಿಯ ಸೂಚ್ಯಂಕವೂ 1.5ರ ಆಸುಪಾಸಿನಲ್ಲೇ ಇರುವುದರಿಂದ, ಅದು ಎಳೆಗಳ ನಡುವೆ ತುಂಬಿಕೊಂಡ ಕೂಡಲೇ ಬೆಳಕು ಚದುರುವುದು ನಿಂತು, ದಾರವನ್ನು ದಾಟಿ ಕೆಳಗಿಳಿದು ಕಪ್ಪು ಬ್ಲ್ಯಾಂಕಿನಲ್ಲಿ ಇಂಗಿಹೋಗುತ್ತದೆ. ನೀವು ಕಂಡ ಬಾಳೆ ಎಲೆಯ ಬಣ್ಣ ಹಳದಿಯೊಳಗಿಂದ ಕಾಣುತ್ತಿರುವ ಕಪ್ಪು, ಅಷ್ಟೆ. ಇದೇ ದಾರವನ್ನು ತಿಳಿ ಬಣ್ಣದ ಬ್ಲ್ಯಾಂಕಿನ ಮೇಲೆ ಸುತ್ತಿದ್ದರೆ ಇಷ್ಟು ಕೆಡುತ್ತಿರಲಿಲ್ಲ.

ಬಣ್ಣ ಉಳಿಸುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಎಪಾಕ್ಸಿ ಎಳೆಗಳೊಳಗೆ ಇಳಿಯದಂತೆ ಮೊದಲೇ ಬೇರೊಂದು ದ್ರವವನ್ನು ಉಣಿಸಿ ಒಣಗಿಸುವುದು ಒಂದು. ಕಲರ್ ಪ್ರಿಸರ್ವರ್ ಮಾಡುವ ಕೆಲಸ ಅದೇ. ಎಪಾಕ್ಸಿ ಕುಡಿದರೂ ಪಾರದರ್ಶಕವಾಗದ ದಾರವನ್ನೇ ಬಳಸುವುದು ಇನ್ನೊಂದು. ಪ್ರಿಸರ್ವರ್ ಬೇಡದ ಈ ದಾರವನ್ನು ಎನ್‌ಸಿಪಿ ಎಂದು ಗುರುತಿಸಿ ಮಾರುತ್ತಾರೆ. ಇದರಲ್ಲಿ ನೈಲಾನಿನ ಹೊಳಪು ಸ್ವಲ್ಪ ಕಡಿಮೆ, ನೋಡಲು ಬಣ್ಣ ಬಳಿದಂತೆ ಮಂಕಾಗಿರುತ್ತದೆ, ಆದರೆ ಸುತ್ತಿದಾಗ ಕಂಡ ಬಣ್ಣವೇ ಹೆಚ್ಚುಕಡಿಮೆ ಕೊನೆಗೂ ಉಳಿಯುತ್ತದೆ.

ಹಚ್ಚಬೇಕೆನ್ನುವವರು ಮತ್ತು ಬೇಡವೆನ್ನುವವರ ನಡುವಿನ ವಾದಕ್ಕೆ ಕಾರಣವೂ ಇಲ್ಲೇ ಇದೆ. ಎಪಾಕ್ಸಿ ದಾರದೊಳಗೆ ಇಳಿದು, ಗೈಡಿನ ಪಾದವನ್ನು ಸುತ್ತುವರಿದು, ಬ್ಲ್ಯಾಂಕಿನ ಮೈಯನ್ನು ಹಿಡಿದುಕೊಂಡಾಗ ಎಲ್ಲವೂ ಸೇರಿ ಒಂದೇ ತುಂಡಿನಂತಾಗುತ್ತವೆ. ಪ್ರಿಸರ್ವರ್ ಕುಡಿದ ದಾರದ ಮೇಲೆ ಅದೇ ಎಪಾಕ್ಸಿ ಕೇವಲ ಮೇಲುಹೊದಿಕೆಯಾಗಿ ಉಳಿಯುತ್ತದೆ. ದೊಡ್ಡ ಕಾಟ್ಲಾ ಮೀನು ಎಳೆದು ಕೋಲು ಬಾಗಿದಾಗಲೆಲ್ಲ ಪಾದ ಒಳಗೆ ಕೂದಲೆಳೆಯಷ್ಟು ಅಲುಗುತ್ತದೆ, ಪಾದದ ತುದಿಯಲ್ಲಿ ಉಂಗುರದಂತೆ ಸಣ್ಣ ಬಿರುಕು ಮೂಡುತ್ತದೆ, ಅಲ್ಲಿಂದ ನೀರು ಇಳಿದು ಸುತ್ತು ಹಾಲಿನಂತೆ ಬೆಳ್ಳಗಾಗುತ್ತದೆ. ಆದುದರಿಂದ ನನ್ನ ಖಚಿತ ಅಭಿಪ್ರಾಯ ಇಷ್ಟು: ಭಾರ ಹೊರುವ ಗೈಡಿನ ಪಾದದ ಮೇಲೆ ಎನ್‌ಸಿಪಿ ದಾರವನ್ನೇ ಬಳಸಿ, ಪ್ರಿಸರ್ವರ್ ಮುಟ್ಟಿಸಬೇಡಿ, ಭಾರವಿಲ್ಲದ ಅಂಚಿನ ಪಟ್ಟಿಗೆ, ಹಿಡಿಯ ಮೇಲ್ಭಾಗದ ಅಲಂಕಾರದ ಹೆಣಿಗೆಗೆ ನೈಲಾನ್ ದಾರ ಸುತ್ತಿ ಪ್ರಿಸರ್ವರ್ ಧಾರಾಳವಾಗಿ ಹಚ್ಚಿ. ನೈಲಾನಿನ ಮಿನುಗು ಅಲಂಕಾರದಲ್ಲಿ ಸಿಗುತ್ತದೆ, ಪಾದದಲ್ಲಿ ಗಟ್ಟಿತನ ಸಿಗುತ್ತದೆ.

ಪ್ರಿಸರ್ವರ್ ಹಚ್ಚುವಾಗ ಜಿಪುಣತನ ಮಾಡಿದರೆ ಹಚ್ಚದಿರುವುದಕ್ಕಿಂತ ಕೆಟ್ಟ ಫಲ ಬರುತ್ತದೆ, ಏಕೆಂದರೆ ದ್ರವ ತಲುಪದ ಕಡೆಯಲ್ಲೆಲ್ಲ ಎಪಾಕ್ಸಿ ಇಳಿದು ಚಿರತೆಯ ಮೈಯಂತೆ ಕಪ್ಪು ಮಚ್ಚೆಗಳು ಬೀಳುತ್ತವೆ. ಮೆತ್ತನೆಯ ಕುಂಚದಿಂದ ದಾರ ತೊಯ್ದು ತುಂಬುವಷ್ಟು ಹಚ್ಚಿ, ಕೋಲನ್ನು ತಿರುಗಿಸುತ್ತ ಕೆಲವು ನಿಮಿಷ ಬಿಡಿ; ಮೇಲೆ ನಿಂತ ಹೆಚ್ಚಿನ ದ್ರವವನ್ನು ಒಣ ಕುಂಚದಿಂದಲೋ ಮಡಿಸಿದ ಟಿಶ್ಯೂ ಕಾಗದದ ಅಂಚಿನಿಂದಲೋ ತೆಗೆಯಿರಿ. ಒಣಗಿದ ಮೇಲೆ ಇನ್ನೊಮ್ಮೆ ಹೀಗೆಯೇ ಮಾಡಿ. ಹಳದಿ, ಬಿಳಿ, ತಿಳಿಗುಲಾಬಿಯಂಥ ಬಣ್ಣಗಳಿಗೆ ಮೂರನೆಯ ಸಲವೂ ಬೇಕಾಗುತ್ತದೆ. ಸುತ್ತಿನ ಅಂಚಿನಾಚೆ ಬ್ಲ್ಯಾಂಕಿನ ಮೇಲೆ ಹರಿದ ಪ್ರಿಸರ್ವರನ್ನು ಹಸಿಯಿರುವಾಗಲೇ ಒರೆಸಿಬಿಡಬೇಕು. ಎಪಾಕ್ಸಿ ದಾರದ ಅಂಚನ್ನು ಒಂದೆರಡು ಮಿಲಿಮೀಟರ್ ದಾಟಿ ಬ್ಲ್ಯಾಂಕಿನ ಬರಿಮೈಯನ್ನು ಹಿಡಿದರೆ ಮಾತ್ರ ನೀರು ಒಳಗಿಳಿಯುವುದಿಲ್ಲ. ಅಲ್ಲಿ ಪ್ರಿಸರ್ವರಿನ ಪದರ ಉಳಿದಿದ್ದರೆ ಎಪಾಕ್ಸಿ ಸಿಪ್ಪೆಯಂತೆ ಏಳುತ್ತದೆ.

ಅಗ್ಗದ ಉಪಾಯಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಮರಗೆಲಸದ ಬಿಳಿ ಅಂಟನ್ನು ನೀರಿಗೆ ಬೆರೆಸಿ ಹಚ್ಚಿದರೆ ಸಾಕು ಎಂದು ನನಗೂ ಹೇಳಿಕೊಟ್ಟವರಿದ್ದರು, ನಾನೂ ಮಾಡಿದ್ದೆ. ಒಣಗಿದಾಗ ಚೆನ್ನಾಗಿತ್ತು. ಆದರೆ ಆ ಅಂಟು ನೀರು ತಾಕಿದರೆ ಮತ್ತೆ ಮೆತ್ತಗಾಗಿ ಬೆಳ್ಳಗಾಗುವಂಥದು. ಮೇಲಿನ ಹೊದಿಕೆಯಲ್ಲಿ ಎಲ್ಲೋ ಒಂದು ಸೂಜಿಮೊನೆಯಷ್ಟು ತೂತಿದ್ದಿರಬೇಕು, ಒಂದೇ ಮಳೆಗಾಲದಲ್ಲಿ ಆರು ಗೈಡುಗಳನ್ನು ಬಿಚ್ಚಿ ಮತ್ತೆ ಸುತ್ತಬೇಕಾಯಿತು.

ನೀವು ಈಗಾಗಲೇ ಎಪಾಕ್ಸಿ ಹಚ್ಚಿರುವ ಗೈಡನ್ನು ಬಿಡಿಸುವುದಾದರೆ, ಕೂದಲು ಒಣಗಿಸುವ ಯಂತ್ರದಿಂದ ಹದವಾಗಿ ಬಿಸಿ ಮಾಡಿ, ಬ್ಲೇಡನ್ನು ಗೈಡಿನ ಲೋಹದ ಪಾದದ ಮೇಲೆಯೇ ಇಟ್ಟು ದಾರವನ್ನು ಉದ್ದಕ್ಕೆ ಸೀಳಿ. ಬ್ಲೇಡ್ ಕಾರ್ಬನ್ನಿಗೆ ತಾಕಬಾರದು. ಉಗುರು ಗೀರಿದಷ್ಟು ಗಾಯವಾದರೂ ಕೋಲು ಮುಂದೆ ಅಲ್ಲಿಯೇ ಮುರಿಯಬಹುದು.

ಉತ್ತರ, ಯಲಹಂಕದಿಂದ

ಮೇಲಿನ ಹಿರಿಯರು ಹೇಳಿದ್ದಕ್ಕೆ ನಮ್ಮ ಊರಿನ ಹವೆಯ ವಿಷಯವನ್ನು ಸೇರಿಸುತ್ತೇನೆ. ನೀರಿನಲ್ಲಿ ಕರಗಿಸಿದ ಪ್ರಿಸರ್ವರ್ ಹಸಿಯಿರುವಾಗ ಹಾಲಿನ ಬಣ್ಣದ್ದಾಗಿದ್ದು, ಒಣಗಿದ ಮೇಲೆ ತಿಳಿಯಾಗುತ್ತದೆ. ಒಂದು ಜುಲೈ ತಿಂಗಳಲ್ಲಿ, ವಾರವಿಡೀ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಡಬ್ಬಿಯ ಮೇಲೆ ಬರೆದಂತೆ 24 ಗಂಟೆ ಕಾದು ಎಪಾಕ್ಸಿ ಹಚ್ಚಿದೆ. ಮೇಲುಪದರ ಬೆರಳಿಗೆ ಒಣಗಿದಂತಿತ್ತು, ಒಳಗೆ ಹಸಿಯಿತ್ತು. ನಾಲ್ಕನೆಯ ದಿನ ನೀಲಿ ಸುತ್ತಿನ ಮಧ್ಯದಲ್ಲಿ ಕಣ್ಣಿನ ಪೊರೆಯಂತೆ ಒಂದು ಬಿಳಿಮಬ್ಬು ಕಾಣಿಸಿಕೊಂಡಿತು. ಆ ತೇವ ಎಪಾಕ್ಸಿಯ ಕೆಳಗೆ ಸಿಕ್ಕಿಕೊಂಡ ಮೇಲೆ ಹೊರಗೆ ಬರಲು ದಾರಿಯೇ ಇರುವುದಿಲ್ಲ. ಬೆಂಗಳೂರಿನ ಮಳೆಗಾಲದ ಬೆಳಗುಗಳಲ್ಲಿ ಗಾಳಿಯ ತೇವಾಂಶ ಶೇ 80ನ್ನು ಸಲೀಸಾಗಿ ದಾಟುತ್ತದೆ, ಫೆಬ್ರುವರಿ–ಮಾರ್ಚಿನ ಮಧ್ಯಾಹ್ನಗಳಲ್ಲಿ ಅದರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆದುದರಿಂದ ಡಬ್ಬಿಯ ಮೇಲಿನ ಅವಧಿಯನ್ನು ಕನಿಷ್ಠವೆಂದು ತಿಳಿದು, ಮಳೆಗಾಲದಲ್ಲಿ ಮೂರು ದಿನವಾದರೂ ಬಿಡಿ. ನಾನೀಗ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದರಲ್ಲಿ 40 ವಾಟಿನ ಹಳೆಯ ಬಲ್ಬನ್ನು ರಟ್ಟಿಗೂ ಕೋಲಿಗೂ ತಾಕದಂತೆ ತೂಗುಹಾಕಿ, ಎರಡೂ ತುದಿಯ ತೂತುಗಳಿಂದ ಕೋಲನ್ನು ಹಾಯಿಸಿ ಬೆಚ್ಚಗೆ ಒಣಗಿಸುತ್ತೇನೆ. ಬಲ್ಬ್ ಉರಿಯುವಷ್ಟು ಹೊತ್ತೂ ಹತ್ತಿರದಲ್ಲೇ ಇರುತ್ತೇನೆ.

ಎಪಾಕ್ಸಿಗೂ ತೇವದ ಕಾಟವಿದೆ. ಗಟ್ಟಿಯಾಗುವಾಗ ಅದರ ಗಟ್ಟಿಕಾರಕದಲ್ಲಿರುವ ಅಮೀನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲೆ ಜಿಡ್ಡಿನ ಮಬ್ಬು ಪದರವನ್ನು ಕಟ್ಟುತ್ತದೆ. ಇದರಿಂದ ಕೆಳಗಿನ ಬಣ್ಣ ಕೆಟ್ಟಂತೆ ಕಂಡರೂ ದಾರಕ್ಕೆ ಏನೂ ಆಗಿರುವುದಿಲ್ಲ. ಉಗುರುಬೆಚ್ಚನೆಯ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಎರಡನೆಯ ಪದರ ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎರಡೂ ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ, ಬಹುಪಾಲು ಕಡೆ ಅದು 1:1, ಸಿರಿಂಜಿನಿಂದ ಅಳೆದು ಚೆನ್ನಾಗಿ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಸುರಿದುಕೊಳ್ಳಿ. ಗುಳ್ಳೆಗಳು ತಾವಾಗಿಯೇ ಒಡೆಯುತ್ತವೆ. ಹಚ್ಚಿದ ಎಪಾಕ್ಸಿ ಒಂದೇ ಕಡೆ ಇಳಿದು ನಿಲ್ಲದಂತೆ ಕೋಲನ್ನು ತಿರುಗಿಸುವ ನಿಧಾನಗತಿಯ ಸಣ್ಣ ಮೋಟಾರು ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಕೋಲು ಮುಗಿದ ಮೇಲೆ ಬಿಸಿಲಿನ ಬಗ್ಗೆಯೂ ಎಚ್ಚರವಿರಲಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಂಪು ಗಾಳಿಯಿಂದಾಗಿ ಬಿಸಿಲಿನ ತೀಕ್ಷ್ಣತೆ ನಮಗೆ ಗೊತ್ತಾಗುವುದಿಲ್ಲ. ಅತಿನೇರಳೆ ಕಿರಣ ಎಪಾಕ್ಸಿಯನ್ನು ಹಳದಿಗಟ್ಟಿಸುತ್ತದೆ, ದಾರದ ಬಣ್ಣವನ್ನೂ ತಿನ್ನುತ್ತದೆ. ಕಣ್ಣು ಕೋರೈಸುವ ಗುಲಾಬಿ, ಗಿಳಿಹಸಿರುಗಳು ಎಲ್ಲಕ್ಕಿಂತ ಮೊದಲು ಮಾಸುತ್ತವೆ. ಕೋಲನ್ನು ಕಿಟಕಿಯ ಬಳಿ ನಿಲ್ಲಿಸದೆ ಬಟ್ಟೆಯ ಚೀಲದಲ್ಲಿಡಿ. ಕೆರೆಯ ದಂಡೆಯಲ್ಲಿ ಸೊಳ್ಳೆಗೆಂದು ಕೈಗೆ ಹಚ್ಚಿಕೊಳ್ಳುವ ಮುಲಾಮಿನಲ್ಲಿ ಡೀಟ್ ಎಂಬ ರಾಸಾಯನಿಕವಿದ್ದರೆ, ಅದು ಪ್ಲಾಸ್ಟಿಕ್ ಮತ್ತು ವಾರ್ನಿಷನ್ನು ಮೆತ್ತಗಾಗಿಸುವುದರಿಂದ, ಕೈ ಒರೆಸಿಕೊಂಡೇ ಕೋಲು ಹಿಡಿಯುವುದು ಒಳ್ಳೆಯದು.

ಉತ್ತರ, ಜಯನಗರದಿಂದ

ನಾನು ಗಾಳ ಹಿಡಿದವಳಲ್ಲ. ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ನನ್ನ ತಮ್ಮ ಕೋಲು ಕಟ್ಟುವಾಗ ದಾರ ಆರಿಸಿಕೊಟ್ಟ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಎನ್‌ಸಿಪಿ ದಾರವನ್ನು ದೂರದಿಂದ ತರಿಸುವುದು ದುಬಾರಿಯೆಂದು ಕೆಲವರು ಅವೆನ್ಯೂ ರಸ್ತೆ, ಚಿಕ್ಕಪೇಟೆಯ ಅಂಗಡಿಗಳಲ್ಲಿ ಕುಚ್ಚಿನ ರೇಷ್ಮೆ ದಾರವನ್ನು ಕೊಳ್ಳುತ್ತಾರೆ. ಅದರಲ್ಲಿ ಬಹುಪಾಲು ನಿಜವಾದ ರೇಷ್ಮೆಯಲ್ಲ, ರೇಯಾನ್. ಎರಡು ಅಂಗುಲದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾಗುವ ಕರಿ ಉಳಿದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್, ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಇಲ್ಲವೇ ಪಾಲಿಯೆಸ್ಟರ್. ರೇಷ್ಮೆಯೂ ರೇಯಾನೂ ಎಪಾಕ್ಸಿಯಲ್ಲಿ ನೈಲಾನಿನಷ್ಟೇ ಕಪ್ಪಾಗುತ್ತವೆ. ಅದಲ್ಲದೆ ಕುಚ್ಚಿನ ದಾರಕ್ಕೆ ಹುರಿ ಕಡಿಮೆ. ಬಿಗಿಯಾಗಿ ಎಳೆದರೆ ನವಿರು ಎದ್ದು, ಪ್ರತಿ ನವಿರಿನ ಸುತ್ತಲೂ ಎಪಾಕ್ಸಿಯಲ್ಲಿ ಒಂದು ಗುಳ್ಳೆ ನಿಲ್ಲುತ್ತದೆ. ಲೋಹದ ಹೊದಿಕೆಯಿರುವ ಜರಿಯಂಥ ದಾರಕ್ಕೆ ಮಾತ್ರ ಈ ಭಯವಿಲ್ಲ. ಲೋಹದೊಳಗೆ ಬೆಳಕು ಇಳಿಯುವುದಿಲ್ಲವಾದ್ದರಿಂದ ಪ್ರಿಸರ್ವರ್ ಇಲ್ಲದೆಯೂ ಅದು ಹಾಗೆಯೇ ಹೊಳೆಯುತ್ತದೆ. ತಂದೆಯವರ ಅರಿಶಿನ ಕುಂಕುಮದ ನಡುವೆ ಎರಡೇ ಸುತ್ತು ಚಿನ್ನದ ಬಣ್ಣದ ದಾರ ಹಾಕಿ ನೋಡಿ.

ಬಣ್ಣ ಹೇಗೆ ತಿರುಗುತ್ತದೆಂದು ಎಪಾಕ್ಸಿ ಕಲಸದೆಯೇ ತಿಳಿಯಬೇಕಾದರೆ, ಅದೇ ಬಣ್ಣದ ಮುರಿದ ಕೋಲಿನ ತುಂಡಿಗೆ ದಾರ ಸುತ್ತಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ. ನೀರಿಗಿಂತ ಎಣ್ಣೆ ಎಪಾಕ್ಸಿಗೆ ಹತ್ತಿರದ ಬಣ್ಣವನ್ನು ತೋರಿಸುತ್ತದೆ. ನಿಜವಾದ ಕೋಲಿಗೆ ಎಣ್ಣೆಯ ಕೈ ಕೂಡ ತಾಗಬಾರದು, ಜಿಡ್ಡಿರುವಲ್ಲಿ ಎಪಾಕ್ಸಿ ನಿಲ್ಲದೆ ಕುಳಿ ಬೀಳುತ್ತದೆ.

ಬಸವನಗುಡಿಯಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮುರಿದ ಕಪ್ಪು ಕೋಲಿನ ತುಂಡೊಂದರ ಮೇಲೆ ನಾಲ್ಕು ಪಟ್ಟಿಗಳನ್ನು ಸುತ್ತಿ ಎಪಾಕ್ಸಿ ಹಚ್ಚಿದೆ: ಬರೀ ನೈಲಾನ್, ಎರಡು ಸಲ ಪ್ರಿಸರ್ವರ್ ಕುಡಿಸಿದ ನೈಲಾನ್, ಮೂರು ಸಲ ಕುಡಿಸಿದ ನೈಲಾನ್, ಮತ್ತು ಎನ್‌ಸಿಪಿ. ಎರಡು ಸಲ ಹಚ್ಚಿದ ಹಳದಿಯಲ್ಲಿ ಭೂತಗನ್ನಡಿ ಹಿಡಿದಾಗ ಸಾಸಿವೆ ಕಾಳಿಗಿಂತ ಚಿಕ್ಕ ಎರಡು ಕಪ್ಪು ಮಚ್ಚೆಗಳು ಸಿಕ್ಕವು; ಮೂರು ಸಲ ಹಚ್ಚಿದ್ದರಲ್ಲಿ ಒಂದೂ ಇರಲಿಲ್ಲ, ಅದರ ಮಿನುಗೂ ಹಾಗೆಯೇ ಉಳಿದಿತ್ತು. ಎನ್‌ಸಿಪಿ ಹಳದಿ ಅಷ್ಟು ಹೊಳೆಯದಿದ್ದರೂ ತೇಯ್ದ ಅರಿಶಿನದ ಕೊಂಬಿನ ಬಣ್ಣದಲ್ಲಿದೆ. ತಂದೆಯವರಿಗೆ ಯಾವುದು ಏನೆಂದು ಹೇಳದೆ ಆ ತುಂಡನ್ನು ಕೈಗೆ ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಎನ್‌ಸಿಪಿ ಪಟ್ಟಿಯ ಮೇಲೆ ಬೆರಳಿಟ್ಟು "ಇದು ನಮ್ಮ ಬಣ್ಣ" ಎಂದರು. ಎಪಾಕ್ಸಿ ಹಚ್ಚಿದ್ದ ಗೈಡನ್ನು ಬಿಸಿ ಮಾಡಿ ಬಿಡಿಸಿ, ಉಳಿದ ಎಂಟರ ನೈಲಾನನ್ನೂ ಬಿಚ್ಚಿದ್ದೇನೆ. ಪಾದಗಳಿಗೆ ಎನ್‌ಸಿಪಿ ಹಳದಿ, ಅಂಚಿಗೆ ಮೂರು ಸಲ ಪ್ರಿಸರ್ವರ್ ಕುಡಿಸಿದ ಕೆಂಪು, ನಡುವೆ ಎರಡು ಸುತ್ತು ಚಿನ್ನದ ದಾರ. ಐದು ಗೈಡುಗಳು ಮುಗಿದಿವೆ. ಮೋಡ ಕಳೆದು ನಾಲ್ಕು ದಿನ ಒಣ ಹವೆ ಸಿಕ್ಕಿದ ಕೂಡಲೇ ಎಪಾಕ್ಸಿ ಹಚ್ಚುತ್ತೇನೆ.