ಜರ್ಮನ್ ಪೌರತ್ವದ ಅರ್ಜಿಗೆ ಸಹಿ ಹಾಕಲು ಕೈ ಏಳುತ್ತಿಲ್ಲ

ಪ್ರಶ್ನೆ (ಮ್ಯೂನಿಕ್‌ನಿಂದ):
ಮಾನ್ಯರೇ, ನಾನು ಇಲ್ಲಿ ನೆಲೆಸಿ ಒಂಬತ್ತು ವರ್ಷಗಳಾದವು. 2024ರ ಜೂನ್ 27ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಜರ್ಮನಿಯು ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು ಎಂಟರಿಂದ ಐದು ವರ್ಷಕ್ಕೆ ಇಳಿಸಿತಲ್ಲದೆ, ಮೊದಲಿನ ಪೌರತ್ವವನ್ನು ಬಿಟ್ಟುಕೊಡಬೇಕೆಂಬ ಷರತ್ತನ್ನೂ ತೆಗೆದುಹಾಕಿತು. ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರ ಭಾರತೀಯ ಪೌರತ್ವ ಅಲ್ಲಿಗೇ ಕೊನೆಗೊಳ್ಳುತ್ತದೆ. 33 ಪ್ರಶ್ನೆಗಳಲ್ಲಿ 17 ಸರಿಯಾದರೆ ಸಾಕೆನ್ನುವ ಇಲ್ಲಿನ ಪೌರತ್ವ ಪರೀಕ್ಷೆಯನ್ನು ಮುಗಿಸಿದ್ದೇನೆ, ಸಹಿಯೊಂದು ಉಳಿದಿದೆ. ತೀರ್ಥಹಳ್ಳಿ ಬಳಿಯ ಅಡಿಕೆ ತೋಟ ತಂದೆಯವರ ಹೆಸರಿನಲ್ಲಿದೆ. ಪಾಸ್‌ಪೋರ್ಟ್ ಬದಲಾದರೆ ಆ ಮಣ್ಣಿಗೂ ನನಗೂ ಏನು ಸಂಬಂಧ ಉಳಿಯುತ್ತದೆ? ಈ ಹೊಳೆ ದಾಟಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮೆಲ್ಬರ್ನ್‌ನಿಂದ):
ತೋಟದ ಬಗ್ಗೆ ಆತಂಕ ಬೇಡ. ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಸಾಗರೋತ್ತರ ಭಾರತೀಯ ಕಾರ್ಡ್, ಅಂದರೆ ಓಸಿಐ ಪಡೆದವರು ಕೃಷಿ ಜಮೀನನ್ನು ಕೊಳ್ಳುವಂತಿಲ್ಲವಾದರೂ ತಂದೆಯಿಂದ ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ಆದರೆ ಭಾರತದಲ್ಲಿ ಮತದಾನದ ಹಕ್ಕು ಇರುವುದಿಲ್ಲ.

ಮನಸ್ಸಿನ ವಿಷಯ ಬೇರೆಯೇ. ರದ್ದು ಮುದ್ರೆ ಒತ್ತಿದ ನನ್ನ ಹಳೆಯ ಪಾಸ್‌ಪೋರ್ಟ್ ಕೈಗೆ ಬಂದ ದಿನ ರಾತ್ರಿ ಊಟ ಸೇರಲಿಲ್ಲ. ಪ್ರತಿಜ್ಞೆ ಸ್ವೀಕರಿಸಿದಾಗಲೂ ಇದು ನನ್ನ ದೇಶ ಎನ್ನಿಸಲಿಲ್ಲ. ಇಲ್ಲಿ ಮತದಾನ ಕಡ್ಡಾಯ. ಮೊದಲ ಸಲ ಮಕ್ಕಳ ಶಾಲೆಯಲ್ಲೇ ಇದ್ದ ಮತಗಟ್ಟೆಯ ಸಾಲಿನಲ್ಲಿ ಅಕ್ಕಪಕ್ಕದ ಮನೆಯವರೊಡನೆ ನಿಂತಾಗ ಆ ಭಾವ ತಾನಾಗಿ ಬಂದಿತು. ಆದರೆ ಊರಿಗೆ ಹೋದಾಗ ಯಾರಾದರೂ ‘ಎಷ್ಟು ದಿನ ರಜೆ?’ ಎಂದು ಕೇಳಿದರೆ ಈಗಲೂ ನೋಯುತ್ತದೆ. ಆ ನೋವು ಹೋಗಬೇಕೆಂದು ನಾನು ಬಯಸುವುದೂ ಇಲ್ಲ.

ಉತ್ತರ 2 (ಸ್ಟುಟ್‌ಗಾರ್ಟ್‌ನಿಂದ):
ನಾನು ಕಾಯಂ ವಾಸದ ಪರವಾನಗಿಯಲ್ಲೇ ಹದಿನಾಲ್ಕು ವರ್ಷ ಕಳೆದೆ. ಐರೋಪ್ಯ ಒಕ್ಕೂಟದ ಪ್ರಜೆಯಲ್ಲದ ಕಾರಣ, ತೆರಿಗೆ ಕಟ್ಟುವ ಈ ನಗರದ ಸಭೆಯ ಚುನಾವಣೆಯಲ್ಲೂ ನನಗೆ ಮತವಿಲ್ಲ. ಭಾರತದಲ್ಲಿ ಮತ ಹಾಕಲು ಖುದ್ದಾಗಿ ಮತಗಟ್ಟೆಗೇ ಹೋಗಬೇಕು. ಹೀಗೆ ಎರಡೂ ಕಡೆ ಮಾತಿಲ್ಲದವಳಾಗಿದ್ದೇನೆ. ಪಾಸ್‌ಪೋರ್ಟ್ ಉಳಿಸಿಕೊಂಡರೆ ಊರೂ ಉಳಿಯುತ್ತದೆಂದು ನಂಬಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಕೃತಜ್ಞತೆಗಳು. ನನ್ನನ್ನು ತಡೆಯುತ್ತಿರುವುದು ಕಾನೂನಲ್ಲ, ಈ ವಿಷಯವನ್ನು ತಂದೆಯವರಿಗೆ ಇನ್ನೂ ಹೇಳದಿರುವುದು ಎಂದು ಈಗ ತಿಳಿಯಿತು. ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುತ್ತಿದ್ದೇನೆ; ತೋಟದಲ್ಲೇ ಅವರ ಎದುರು ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ಅರ್ಜಿ ಮೇಜಿನ ಮೇಲೆಯೇ ಇರಲಿ.